ನೂರು ವರ್ಷ ಬಾಳುವ ಮಸಿ

ಮನುಷ್ಯನಿಗೆ ಒಂದೇ ಒಂದು ವಿದ್ಯೆ ಬರುತ್ತಿದ್ದರೆ ಅದರ ಜಂಬ ವಿಪರೀತವಾಗಿರುತ್ತದೆ. ನನಗೆ ಬರುವುದು ಚೆಂದದ ಅಕ್ಷರ ಬರೆಯುವುದೊಂದೇ. ಮಹಾಲಿಂಗಪುರದ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರ. ನಾನು ಬೋರ್ಡಿನ ಮೇಲೆ ಬಿಡಿಸಿದ ಆನೆಯನ್ನು ಮಕ್ಕಳು ಎಮ್ಮೆಯೆಂದೇ ಗುರುತಿಸುತ್ತಿದ್ದರು, ಆ ಮಾತು ಬೇರೆ. ಆದರೆ ಸುತ್ತಮುತ್ತ ಯಾವ ಮಾಸ್ತರರು ನಿವೃತ್ತರಾದರೂ ಮಾನಪತ್ರ ಮಾತ್ರ ನನ್ನ ಕೈಯಿಂದಲೇ ಆಗಬೇಕಿತ್ತು. ಹೀಗಿರುವಾಗ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿ ತೆರೆಯಿತು. ಅರ್ಧ ಗಂಟೆಯಲ್ಲಿ ಮಾನಪತ್ರ ತಯಾರು, ನಾಲ್ಕು ಮೂಲೆಗೆ ಗುಲಾಬಿ, ಮೇಲೊಂದು ಪಾರಿವಾಳ ಪುಕ್ಕಟೆ. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಮುಚ್ಚುಮರೆಯೇಕೆ, ನನಗೆ ಹೊಟ್ಟೆ ಉರಿಯಿತು.

ಕೊನೆಗೆ ನಮ್ಮ ಹೆಡ್‌ಮಾಸ್ತರರೇ ನಿವೃತ್ತರಾಗುವ ದಿನ ಬಂತು. ಅವರು ಪಕ್ಕದ ರನ್ನ ಬೆಳಗಲಿ ಊರಿನವರು, ಮಿತಭಾಷಿ. ನನ್ನನ್ನು ಕರೆದು, “ನಂದ ಮಾನಪತ್ರ ನೀನ ಬರೀಬೇಕ ನೋಡಪಾ. ಆ ಪಾರಿವಾಳ ನನಗ ಬ್ಯಾಡ,” ಎಂದರು. ನಾನು ಉಬ್ಬಿಹೋದೆ. ಉಬ್ಬಿದವನಿಗೆ ಅಂಗಡಿಯ ಇಂಕು ಸಾಲುತ್ತದೆಯೇ? ನನ್ನ ಅಜ್ಜ ಮನೆಯಲ್ಲೇ ಮಸಿ ಮಾಡುತ್ತಿದ್ದ. ಎಣ್ಣೆದೀಪದ ಕಾಡಿಗೆ, ಜಾಲಿಮರದ ಅಂಟು, ಹೊಳಪಿಗೆ ಚಿಟಿಕೆ ಬೆಲ್ಲ, ಇಷ್ಟೇ. ನಾನೂ ಮಾಡುತ್ತೇನೆಂದು ಹೊರಟೆ.

“ಅಡಗಿಮನ್ಯಾಗ ಮಸಿ ತೊಳಿಯೂದ ನನ್ನ ಹಣೇಬರ ಆಗೇತಿ, ನೀವು ಮ್ಯಾಲ ಮಸಿ ಮಾಡವ್ರಾ?” ಎಂದು ಹೆಂಡತಿ ಶಾಂತಾ ನಕ್ಕಳು. ನಾಲ್ಕು ದಿನ ಅವಳ ಹಿತ್ತಾಳೆ ತಾಟನ್ನು ದೀಪದ ಮೇಲೆ ಬೋರಲು ಹಾಕಿ ಕಾಡಿಗೆ ಹಿಡಿದೆ. ಅಂಟು ನೆನೆಸಿ, ಕಾಡಿಗೆ ಬೆರೆಸಿ, ರಟ್ಟೆ ಸೋಲುವವರೆಗೆ ಅರೆದೆ. ಆ ಮಸಿಗೆ ವಾರದಲ್ಲೇ ಬೂಸರು ಬಂದು ನಾರತೊಡಗಿತು. “ಉಪ್ಪಿನಕಾಯಿ ಇಟ್ಟಂಗ ಇಡಬೇಕರಿ, ಹಸಿ ಕೈ ಹಚ್ಚಬಾರದು,” ಎಂದು ಶಾಂತಾ ಮುಂದೆ ಬಂದಳು. ಬೇವಿನೆಲೆ ಕುದಿಸಿದ ನೀರಿನಲ್ಲಿ ಅರೆಯಲು ಹೇಳಿ, ನಾಲ್ಕು ಲವಂಗ ಹಾಕಿ, ಭರಣಿಯ ಬಾಯಿ ಕಟ್ಟಿಟ್ಟಳು. ಎರಡನೆಯ ಮಸಿ ಕೆಡಲಿಲ್ಲ.

ಬೆಲ್ಲದ ವಿಷಯವೊಂದನ್ನು ಮಾತ್ರ ನಾನು ಅವಳ ಕೈಗೆ ಬಿಡಲಿಲ್ಲ. ಅಜ್ಜ ಚಿಟಿಕೆ ಎಂದಿದ್ದ, ನಿಜ. ಆದರೆ ಮಹಾಲಿಂಗಪುರದಂಥ ಬೆಲ್ಲದ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಬೆಲ್ಲವನ್ನು ಚಿಟಿಕೆಯಲ್ಲಿ ಅಳೆಯುವುದನ್ನು ಯಾರು ಕಲಿಸುತ್ತಾರೆ? ನಮ್ಮಲ್ಲಿ ಅದರ ಅತಿ ಸಣ್ಣ ಅಳತೆಯೇ ಹೆಂಟೆ. ಮುಷ್ಟಿಗಾತ್ರದ ಒಂದು ಹೆಂಟೆ ಹಾಕಿದೆ. ಅಕ್ಷರಗಳು ಕನ್ನಡಿಯಂತೆ ಹೊಳೆದವು. ಒಣಗಲು ಎರಡು ದಿನ ಹಿಡಿದಾಗ, ಒಳ್ಳೆಯ ಮಸಿಗೆ ಅವಸರವಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾರಂಭದಲ್ಲಿ ಮೈಕು ಹಿಡಿದು, “ಇದು ಫ್ಲೆಕ್ಸಿನ ಹಾಗೆ ಬಿಸಿಲಿಗೆ ಬಣ್ಣ ಬಿಡುವಂಥದ್ದಲ್ಲ, ನೂರು ವರ್ಷ ಬಾಳುವ ಮಸಿ,” ಎಂದು ಸಾರಿದೆ. ಭರ್ಜರಿ ಚಪ್ಪಾಳೆ ಬಿತ್ತು.

ಹದಿನೈದು ದಿನಕ್ಕೆ ಹೆಡ್‌ಮಾಸ್ತರರು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಮಾನಪತ್ರ.

“ಗ್ವಾಡಿಗಿ ಹಾಕಿದ್ನೆಪಾ. ಇರುವಿ ಸಾಲ ಹಚ್ಚಿ ಓದಾಕ ಬಂದ್ವು. ನನಗಿಂತ ಭಾಳ ಸಲ ಅವ ಓದ್ಯಾವ.”

ಬಿಚ್ಚಿ ನೋಡಿದೆ. ‘ಕರುಣಾಮಯಿ’, ‘ಶಿಸ್ತಿನ ಸಿಪಾಯಿ’, ‘ಜ್ಞಾನದೀವಿಗೆ’, ಒಂದನ್ನೂ ಬಿಡದೆ ಇರುವೆಗಳು ನೆಕ್ಕಿದ್ದವು. ಉಳಿದದ್ದು ಕಂದು ಕಲೆ. ಅವರು ಬೈದಿದ್ದರೆ ಚೆನ್ನಾಗಿತ್ತು. “ಇಷ್ಟ ವರ್ಷ ದುಡದದ್ದಕ್ಕ ಮೊಮ್ಮಕ್ಕಳಿಗೆ ತೋರಸಾಕ ಇದೊಂದ ಇತ್ತು,” ಎಂದು ಮೆಲ್ಲಗೆ ಅಂದರು. ನನಗೆ ತಲೆ ಎತ್ತಲಾಗಲಿಲ್ಲ. “ಇನ್ನೊಂದ ಬರದ ಕೊಡ್ತೇನ್ರಿ ಸರ್,” ಎಂದೆ.

ಚಹಾ ತಂದ ಶಾಂತಾ ಕಾಗದದ ಮೇಲೆ ಬಾಗಿದಳು. “ಏನ್ರೀ, ಎಲ್ಲಾ ಹೋಗೇತಿ, ಕೆಳಗ ‘ಬರೆದವರು’ ಅಂತ ನಿಮ್ಮ ಹೆಸರಷ್ಟ ಹೆಂಗ ನೆಟ್ಟಗ ಉಳದೈತಿ?”

ಹೆಡ್‌ಮಾಸ್ತರರೂ ಕನ್ನಡಕ ಹಾಕಿಕೊಂಡು ಬಾಗಿದರು. ಮೈಕಿನಲ್ಲಿ ಆಡುವ ಮಾತು ಬೇರೆ, ನನ್ನ ಸ್ವಂತ ಹೆಸರು ಬೇರೆ. ಅಳಿಸಿ ಗಿಳಿಸಿ ಹೋದೀತೆಂದು ಹೆದರಿ, ಅದೊಂದನ್ನು ಅಂಗಡಿಯ ಇಂಕಿನಲ್ಲಿ ಬರೆದಿದ್ದೆ.