ಬಂಗುಡೆ ವಾಸನೆಯ ನೋಟ್ ಪುಸ್ತಕ

ನನ್ನ ದೊಡ್ಡಮ್ಮನ ಮಗಳಿಗೆ ತಲೆ ಸರಿಯಿಲ್ಲ ಎಂದು ನಾನು ಬಹಳ ವರ್ಷ ಊರಿಡೀ ಹೇಳಿಕೊಂಡು ತಿರುಗಿದ್ದೇನೆ. ಸರಿಯಿದೆ ಎಂದು ಒಪ್ಪಿಕೊಂಡರೆ ನನ್ನ ತಲೆಯ ಗತಿಯೇನು ಹೇಳಿ? ಇಬ್ಬರೂ ತ್ರಾಸಿಯವರು, ಕುಂದಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದವರು. ಒಂದೇ ಬೆಂಚು, ಒಂದೇ ಗಣಿತ. ಅಂಕ ಮಾತ್ರ ಬೇರೆ ಬೇರೆ.

ಅವಳು ಯಾವುದನ್ನೂ ಬಾಯಿಪಾಠ ಮಾಡಿದವಳಲ್ಲ. ಮೇಷ್ಟ್ರು ಪ್ರಮೇಯ ಬರೆದು ಕೈಯ ಸೀಮೆಸುಣ್ಣ ಒರೆಸಿಕೊಳ್ಳುವ ಮೊದಲೇ "ಎಂತಕ್ಕೆ ಸರ್?" ಎನ್ನುವಳು. ಉಳಿದವರು ಊಟಕ್ಕೆ ಹೋಗಬೇಡವೇ! ಬಸ್ಸಿನಲ್ಲೂ ಅದೇ ಧ್ಯಾನ; ನಾನು ಕೇಳದಿದ್ದರೂ ನನಗೆ ಪಾಠ ಹೇಳುವುದೂ ಅಲ್ಲೇ. ನಾನು ಜೊತೆಗಿಲ್ಲದ ಒಂದು ದಿನ ಕುಂದಾಪುರದಲ್ಲಿ ಇಳಿಯಲು ಮರೆತು ಬ್ರಹ್ಮಾವರ ಸೇರಿದ್ದಳು. ಆಮೇಲೆ ಕಂಡಕ್ಟರೇ "ಹ್ವಾಯ್ ಗಣಿತದಕ್ಕ, ಕುಂದಾಪ್ರ ಬಂತ್, ಇಳಿನಿ" ಎಂದು ಎಚ್ಚರಿಸತೊಡಗಿದ. ಮೂರು ವರ್ಷ ಪಕ್ಕದಲ್ಲೇ ಕೂತಿದ್ದ ನನ್ನ ಗುರುತು ಅವನಿಗೆ ಇವತ್ತಿಗೂ ಇಲ್ಲ.

ದೊಡ್ಡಮ್ಮ ಮೀನು ಮಾರುವವರು. ಸಂಜೆ ಇವಳು ಬಂಗುಡೆ ಕೊಯ್ಯುತ್ತಾ, ನಡುವೆ ಏನೋ ಹೊಳೆದರೆ ಅದೇ ಕೈಯಲ್ಲಿ ಪೆನ್ನು ಹಿಡಿಯುವಳು. ಮೇಷ್ಟ್ರದ್ದು ಮೀನು ಮುಟ್ಟದ ಮನೆ. ಆದರೂ ಅವಳ ಪುಸ್ತಕವನ್ನು ಮೂಗಿನ ಹತ್ತಿರವೇ ಹಿಡಿದು ಕಡೆಯ ಪುಟದವರೆಗೆ ಓದುತ್ತಿದ್ದರು. ನನ್ನದನ್ನು? ತೆರೆದು, "ಅಕ್ಷರ ಚೆಂದ ಇತ್ತ್ ಮಾರಾಯ್ತಿ" ಎಂದು ಮುಚ್ಚುವರು. ಹೊಟ್ಟೆ ಉರಿಯದೆ ಇದ್ದೀತೇ?

ಕಡೆಯ ವರ್ಷ ನನಗಿದ್ದದ್ದು ಒಂದೇ ಆಸೆ: ಒಂದು ಕಿರುಪರೀಕ್ಷೆಯಲ್ಲಾದರೂ ಅವಳಿಗಿಂತ ಒಂದಂಕ ಹೆಚ್ಚು. ಪರೀಕ್ಷೆಯ ಹಿಂದಿನ ದಿನ ಬಸ್ಸಿನಲ್ಲಿ, ಅವಳ ಚೀಲದಿಂದ ಇಣುಕುತ್ತಿದ್ದ ಪುಸ್ತಕವನ್ನು ಮೆಲ್ಲಗೆ ಹಾರಿಸಿದೆ. ಕೇಳಿ ಪಡೆಯಬಹುದಿತ್ತಲ್ಲ ಎನ್ನುತ್ತೀರಾ? ಹೊಟ್ಟೆಕಿಚ್ಚಿನವರು ಎಲ್ಲಾದರೂ ಕೇಳುತ್ತಾರೆಯೇ? ಮನೆಗೆ ತಂದು ಹಾಸಿಗೆಯಡಿ ಬಚ್ಚಿಟ್ಟರೆ ಬೆಕ್ಕು ಬಂದು ಮಂಚಕ್ಕೆ ಪ್ರದಕ್ಷಿಣೆ ಹಾಕತೊಡಗಿತು! ಅದನ್ನು ಓಡಿಸುತ್ತಲೇ ಅವಳ ಇಂಗ್ಲಿಷ್ ಸಾಲುಗಳನ್ನೆಲ್ಲ ಅಲ್ಪವಿರಾಮ ಸಮೇತ ಉರು ಹೊಡೆದೆ. ಮರುದಿನ ಒಂದಕ್ಷರ ಬಿಡದೆ ಇಳಿಸಿ ಬಂದೆ.

ವಾರದ ಮೇಲೆ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಗೆದ್ದೆ ಎಂದುಕೊಂಡೇ ಹೋದೆ. ಅವರು ನನ್ನ ಉತ್ತರದ ನಡುವಿನ ಸಾಲೊಂದರ ಮೇಲೆ ಬೆರಳಿಟ್ಟು, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು: ಇಲ್ಲಿ ಅವಳಿಗೆ ಅರ್ಥವಾಗುವುದಿಲ್ಲ, ಇನ್ನೊಂದು ಹಂತ ಸೇರಿಸಬೇಕು.

"ಈ ಅವಳು ಯಾರ್ ಮಾರಾಯ್ತಿ?"

ನನಗೇನು ಗೊತ್ತು? ಮೂರು ವರ್ಷ ಪ್ರಮೇಯಗಳ ತುಂಬ ಓಡಾಡುವ ಎಪ್ಸಿಲಾನ್ ಎಂಬ ಗ್ರೀಕ್ ಅಕ್ಷರ ಯಾರೆಂದು ಕೇಳದವಳು ಇದನ್ನು ಕೇಳುತ್ತೇನೆಯೇ? ಅಂಥ ಸಾಲು ಮೂರು ಕಡೆ ಇತ್ತು. ಮೂರೂ, ಬಸ್ಸಿನಲ್ಲಿ ಅವಳು ಪಾಠ ಹೇಳುವಾಗ ನಾನು ತಡವರಿಸುತ್ತಿದ್ದ ಜಾಗಗಳು.

ಸಂಜೆ ಬಸ್ಸಿನಲ್ಲಿ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು, ಕದ್ದದ್ದು ನಾನೇ ಎಂದೆ. ಪುಸ್ತಕವಿಲ್ಲದೆಯೂ ಪೂರ್ತಿ ಅಂಕ ತೆಗೆದ ಆ ಮಹಾರಾಯ್ತಿ ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ.

"ನಿಂಗೇ ಬರ್ದದ್ದ್ ಅದ್. ನೀ ಕೇಣುದಿಲ್ಲೆ ಅಂದೇಳಿ ಗೊತ್ತಿತ್ತ್. ಅದ್ಕೇ ಪರೀಕ್ಷಿಗೆ ಮೊದ್ಲ್ ಎರಡ್ ದಿನ ಚೀಲದ್ ಮೇಲೇ ಇಟ್ಕಂಡ್ ಬಂದದ್ದ್."

ಕಂಡಕ್ಟರ್ ತ್ರಾಸಿ ಎಂದು ಕೂಗಿದ. ಅವಳು ಎದ್ದು ಬಾಗಿಲಿನವರೆಗೆ ಹೋದಳು. ಆ ದಿನ ಇಳಿಯಲು ಮರೆತವಳು ನಾನು. ಅವಳೇ ವಾಪಸು ಬಂದು, ಬಂಗುಡೆ ವಾಸನೆಯ ಕೈಯಲ್ಲಿ ನನ್ನ ಕೈ ಹಿಡಿದು ಇಳಿಸಿಕೊಂಡಳು.