ಸೋದರತ್ತೆ ಹೆಣೆದ ಕುಲಾಯಿ

ನನ್ನ ಬಾಯಿಗೂ ಕೈಗೂ ಮೊದಲಿನಿಂದಲೂ ಹೊಂದಾಣಿಕೆಯಿಲ್ಲ. ಬಾಯಿ ಒಪ್ಪಿಕೊಂಡು ಬಂದದ್ದನ್ನು ಕೈ ಮಾಡಿ ಮುಗಿಸಿದ ಉದಾಹರಣೆ ನಮ್ಮ ಮನೆತನದ ಚರಿತ್ರೆಯಲ್ಲೇ ಇಲ್ಲ. ಹಾಗಿದ್ದೂ, ತಮ್ಮನಿಗೆ ಮಗಳು ಹುಟ್ಟಿದಾಗ ಹರಿಹರದ ಬೀಗರ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: "ತೊಟ್ಟಿಲಿಗೆ ಹಾಕೋ ದಿನ ಕೂಸಿಗೆ ಸ್ವೆಟರ್, ಕುಲಾಯಿ, ಕಾಲುಚೀಲ ಎಲ್ಲಾ ನಾನೇ ಹೆಣೆದು ತರ್ತೀನ್ರಿ. ಅಂಗಡೀದು ಬ್ಯಾಡ." ಸೋದರತ್ತೆ ಎಂದ ಮೇಲೆ ಅಷ್ಟಾದರೂ ಗತ್ತು ಬೇಡವೇ? "ಹಂಗಾದ್ರೆ ನಾವೇನೂ ತರಲ್ಲ ಬಿಡ್ರಿ" ಎಂದರು ತಮ್ಮನ ಅತ್ತೆ. ಹೆಣಿಗೆ ಕಡ್ಡಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ನನಗೆ ಆಗ ಗೊತ್ತಿರಲಿಲ್ಲ.

ದಾವಣಗೆರೆಗೆ ವಾಪಸು ಬಂದವಳೇ ಉಲ್ಲನ್ ಉಂಡೆ ಹಿಡಿದುಕೊಂಡು ಗಿರಿಜಕ್ಕನ ಮನೆಗೆ ಓಡಿದೆ. ಸರಸ್ವತಿ ನಗರದ ನಮ್ಮ ಬೀದಿಯಲ್ಲಿ, ಈ ಸುಡು ಬಿಸಿಲಿನ ಊರಲ್ಲೂ, ಸ್ವೆಟರ್ ಹೆಣೆಯುವ ಏಕೈಕ ಹೆಂಗಸು ಆಕೆ. "ಸ್ವೆಟರ್ ಮಾತು ಬಿಡು. ಮೊದ್ಲು ಅಂಗೈಯಗಲ ಒಂದು ಚೌಕ ಹಾಕು. ಬಿಸಿ ಪಾತ್ರೆ ಹಿಡಿಯಾಕಾದ್ರೂ ಆಗ್ತೈತೆ" ಎಂದಳು. ಹಾಕಿದೆ. ಒಂದೊಂದು ಸಾಲಿಗೂ ಒಂದೆರಡು ಕುಣಿಕೆ ನನಗೆ ಹೇಳದೆ ಕೇಳದೆ ಜಾರಿಹೋಗಿ, ಚೌಕ ಮೇಲೆ ಹೋಗುತ್ತಾ ಹೋಗುತ್ತಾ ಗೋಪುರವಾಯಿತು. ನನ್ನ ಗಂಡ ಉತ್ಸಾಹದಿಂದ ಅದರಲ್ಲೇ ಹಾಲಿನ ಪಾತ್ರೆ ಇಳಿಸಲು ಹೋಗಿ, ಜಾರಿದ ಕುಣಿಕೆಯ ತೂತಿನಲ್ಲಿ ಬೆರಳು ಸುಟ್ಟುಕೊಂಡರು. ಅವತ್ತಿನಿಂದ ಅವರು ಪಾತ್ರೆ ಮುಟ್ಟಿಲ್ಲ. ಹೆಣಿಗೆಯಿಂದ ನನ್ನ ಮನೆಗೆ ಆದ ಮೊದಲ ನಷ್ಟ ಅದು.

ಎರಡನೆಯ ಚೌಕ ಚೌಕವಾಗಿಯೇ ಬಂತು. ಆಮೇಲೆ ಮೊಬೈಲಿಗೊಂದು ಚೀಲ ಹೆಣೆದೆ. ಒಳಗೆ ಹೋದ ಮೊಬೈಲು ಹೊರಗೆ ಬರಲೊಲ್ಲದು. "ನೀನು ಹೆಣೀತಿಯೋ, ಬಾವಿಯಿಂದ ನೀರು ಸೇದ್ತಿಯೋ? ಕೈ ಸಡ್ಲ ಬಿಡವ್ವ" ಎಂದು ಗಿರಿಜಕ್ಕ ಬೈದಳು. ಅಷ್ಟರಲ್ಲಿ ತೊಟ್ಟಿಲ ದಿನ ಹತ್ತಿರ ಬಂದು, ಸ್ವೆಟರ್ ಹೋಯಿತು, ಕಾಲುಚೀಲ ಹೋಯಿತು, ಕುಲಾಯಿ ಒಂದು ಉಳಿಯಿತು. ಕೂಸಿನ ತಲೆಯ ಅಳತೆ ತರೋಣವೆಂದರೆ, ನಾನಿನ್ನೂ ಶುರುವೇ ಮಾಡಿಲ್ಲವೆಂದು ಬೀಗರಿಗೆ ಗೊತ್ತಾಗುತ್ತದೆ. ಕೊನೆಗೆ ಮನೆಯ ತಾಮ್ರದ ತಂಬಿಗೆಯನ್ನೇ ಬೋರಲು ಹಾಕಿ ಅಳತೆ ಹಿಡಿದೆ. ತಂಬಿಗೆಗೆ ಕುಲಾಯಿ ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಅದಕ್ಕೆ ಲಟಿಕೆ ಮುರಿದು ದೃಷ್ಟಿ ತೆಗೆದೆ.

ಕೂಸಿನ ತಲೆ ತಂಬಿಗೆಗಿಂತ ದೊಡ್ಡದಿತ್ತು. ತೊಟ್ಟಿಲ ಮುಂದೆ, ಬೀಗರು ನೆಂಟರು ಎಲ್ಲರೂ ನೋಡುತ್ತಿದ್ದಂತೆ, ಕುಲಾಯಿ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂತಿತು. ಎಳೆದರೆ ಕೂಸು ಚೀರಿತು, ಬಿಟ್ಟರೆ ಕುಲಾಯಿ ಉರುಳಿತು. ನನ್ನ ಮುಖ ಬೆವರಿಹೋಯಿತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಕಾಪಾಡಿದ್ದು ಆ ಮನೆಯ ಅಜ್ಜಿ. "ಮೊದ್ಲು ಗುಂಡಪ್ಪನ್ನ ತರ್ರೇ" ಎಂದು ಕೂಗಿದಳು. ಕೂಸಿಗಿಂತ ಮುಂಚೆ ಗುಂಡಪ್ಪನಿಗೆ, ಅಂದರೆ ರುಬ್ಬುವ ಗುಂಡುಕಲ್ಲಿಗೆ, ಎಣ್ಣೆ ಹಚ್ಚಿ, ಸಿಂಗಾರ ಮಾಡಿ, ತೊಟ್ಟಿಲಲ್ಲಿ ತೂಗುವುದು ನಮ್ಮಲ್ಲಿ ಪದ್ಧತಿ. ಕೂಸೂ ಹಾಗೇ ಗಟ್ಟಿಯಾಗಿ ಬಾಳಲಿ ಎಂದು. ಅಜ್ಜಿ ನನ್ನ ಕೈಯಿಂದ ಕುಲಾಯಿ ಕಿತ್ತುಕೊಂಡು ಗುಂಡುಕಲ್ಲಿಗೆ ಹಾಕಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು!

"ಅಯ್ಯ, ಗುಂಡಪ್ಪಗೆ ಎಷ್ಟು ಚಂದ ಒಪ್ಪೈತೆ ನೋಡ್ರೇ!" ಎಂದಳು ಅಜ್ಜಿ.

"ಹೌದ್ರಿ, ಗುಂಡಪ್ಪಗೆ ಅಂತಾನೇ ಹೆಣೆದಿದ್ದು" ಎಂದಿತು ನನ್ನ ಬಾಯಿ.

ತಮ್ಮನ ಅತ್ತೆ ಒಳಗೆ ಹೋಗಿ, ಬೀರುವಿನಿಂದ ಅಂಗಡಿಯ ಹೊಸ ಕುಲಾಯಿ ತಂದು ಕೂಸಿಗೆ ಹಾಕಿದರು. ಏನೂ ತರಲ್ಲ ಎಂದಿದ್ದವರು ನನ್ನನ್ನು ಅಂದೇ ಅಳೆದಿದ್ದರು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದೂ ಪದ್ಧತಿಯೇ. ಎಲ್ಲರೂ ಹಗುರವಾಗಿ ಗುದ್ದಿದರು. ತಮ್ಮನ ಅತ್ತೆಯ ಗುದ್ದು ಮಾತ್ರ ಇನ್ನೂ ನೋಯುತ್ತಿದೆ.

ಊರಿಗೆ ಬಂದು ಗಿರಿಜಕ್ಕನಿಗೆ ನನ್ನ ವಿಜಯದ ಕಥೆ ಹೇಳಿದೆ. ಬೀಗರ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಕಾಲುಚೀಲ ಹೆಣೆದು ತರ್ತೀನಿ ಎಂದು ಬಾಯಿ ಒಪ್ಪಿಕೊಂಡು ಬಂದದ್ದನ್ನೂ ಹೇಳಿದೆ. ಗಿರಿಜಕ್ಕ ಕಡ್ಡಿಗಳನ್ನು ನನ್ನ ಕೈಗಿಟ್ಟು ನಕ್ಕಳು.

"ಸಣ್ಣ ಕೆಲ್ಸನೇ, ಹಾಕು. ಆದ್ರೆ ಈ ಸಲ ಕೂಸಿನ ಅಳತಿ ತಗಂಡು ಬಾರವ್ವ. ಗುಂಡಪ್ಪಗೆ ಕಾಲಿಲ್ಲ."