ಮಾವನ ಕ್ಯಾಸೆಟ್ಟಿನಲ್ಲಿ ಜಮೈಕಾದ ಗಾಳಿ

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಸಮುದ್ರ ಉಕ್ಕುತ್ತದೆ. ಮನೆ ಇರುವುದು ಬಳ್ಳಾರಿಯ ಪಾರ್ವತಿನಗರದಲ್ಲಿ. ಇಲ್ಲಿ ನಲ್ಲಿಯಲ್ಲಿ ನೀರು ಬಂದರೇ ದೊಡ್ಡದು.

ನನ್ನ ಗಂಡನಿಗೆ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ. ಹಡಗು ತಿರುಗುವುದು ಜಮೈಕಾ, ಗ್ರೆನಡಾ ಅಂತ ಕೆರಿಬಿಯನ್ ದ್ವೀಪಗಳ ಸುತ್ತ. ಮಾವ ಕುರುಗೋಡಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಟೇಪ್‌ರೆಕಾರ್ಡರ್ ರಿಪೇರಿಯಾದರೆ ಪರೀಕ್ಷೆಗೆ ರೇಡಿಯೋ ವಾರ್ತೆ ರೆಕಾರ್ಡ್ ಮಾಡುತ್ತಿದ್ದರು. ಹಾಡಿನಲ್ಲಿ ಮಷಿನ್ನಿನ ದೋಷ ಮುಚ್ಚಿಹೋಗುತ್ತದೆ, ವಾರ್ತೆಯಲ್ಲಿ ಮುಚ್ಚುವುದಿಲ್ಲ ಅಂತ. ಹಾಗೆ ಒಂದು ಟ್ರಂಕಿನ ತುಂಬ ಮೂವತ್ತೈದು, ನಲವತ್ತು ವರ್ಷದ ಹಿಂದಿನ ವಾರ್ತೆ ಕೂತಿದೆ. ಮಗ ಹಡಗು ಹತ್ತಿದ ದಿನದಿಂದ ಅದರಲ್ಲಿ ಆ ದ್ವೀಪಗಳ ಸುದ್ದಿ ಹುಡುಕಿ ಕೇಳುವುದೇ ಅವರ ಕೆಲಸ. ಮೊಬೈಲಿನ ಸುದ್ದಿಯನ್ನು ಅವರು ನಂಬುವುದಿಲ್ಲ.

೧

ಮೊದಲ ಸಲ ಈ ಟ್ರಂಕಿನ ವಿಷಯ ನನಗೆ ಗೊತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಗಂಭೀರ ದನಿ: "ಜಮೈಕಾದಲ್ಲಿ ಭೀಕರ ಚಂಡಮಾರುತ. ಹಡಗುಗಳ ಸಂಪರ್ಕ ಕಡಿದುಹೋಗಿದೆ." ಗಂಡನಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಹಿಟ್ಟಿನ ಕೈಯಲ್ಲೇ ಚೀರಿಕೊಂಡು ಬೀದಿಗೆ ಬಂದೆ. ಜನ ಸೇರಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ಒಳಗೆ ಹೋಗಿ ಉಳಿದ ವಾರ್ತೆ ಕೇಳಿ ಬಂದರು.

"ಏ ತಂಗಿ, ಅದರಾಗ ಸೋವಿಯತ್ ಒಕ್ಕೂಟ ಇನ್ನೂ ಜೀವಂತ ಐತಿ. ಆ ಗಾಳಿ ಎದ್ದಾಗ ನಿನ್ನ ಗಂಡಗ ಹಲ್ಲ ಬಂದಿದ್ದಿಲ್ಲ, ಹಡಗು ಹೆಂಗ ಹತ್ತಿರ್ತಾನ?"

೨

ಒಂದು ದಿನ ಗಂಡ ಗ್ರೆನಡಾದ ದಡದಿಂದ ವಿಡಿಯೋ ಕಾಲ್ ಮಾಡಿದ. ಮಾವ ಫೋನು ಕಸಿದುಕೊಂಡರು.

"ಲೇ, ಹಡಗಿನಿಂದ ಇಳೀಬ್ಯಾಡ! ಅಲ್ಲಿ ಹೊರಗಿನ ಸೈನ್ಯ ಇಳದೈತಿ, ಕರ್ಫ್ಯೂ ಹಾಕ್ಯಾರ."

"ಅದು ಯಾವ ಕಾಲದ್ದಪ್ಪಾ? ಇಲ್ಲಿ ಎಲ್ಲಾರೂ ಐಸ್‌ಕ್ರೀಮ್ ತಿನ್ನಾಕತ್ಯಾರ, ನೋಡು."

ಮಾವ ಕನ್ನಡಕ ಏರಿಸಿ ನೋಡಿದರು. ಮುಖ ಇನ್ನೂ ಬಿಳಿಚಿಕೊಂಡಿತು.

"ಸೈನ್ಯ ಇಳಿಯೋ ಹಿಂದಿನ ದಿನಾನೂ ತಿಂದಿರ್ತಾರ."

೩

ನನ್ನ ನಾಲ್ಕು ವರ್ಷದ ಮಗಳು ದಿನವೂ ತಾತನ ಪಕ್ಕ ಕೂತು ಕೂತು ವಾರ್ತೆ ಬಾಯಿಪಾಠ ಮಾಡಿದ್ದಾಳೆ. ಸಿರುಗುಪ್ಪದಿಂದ ನನ್ನ ತಾಯಿ ಫೋನು ಮಾಡಿ, "ನಿಮ್ಮಪ್ಪ ಹೆಂಗದಾನ ಬಂಗಾರಿ?" ಅಂತ ಕೇಳಿದ್ದಾರೆ. ನಾನು ಬಚ್ಚಲಲ್ಲಿದ್ದೆ. ಮಗಳು ಒಂದಕ್ಷರ ತಪ್ಪದೆ ಹೇಳಿದ್ದಾಳೆ: "ಹಡಗು ಮುಳುಗಿದೆ. ಸತ್ತವರ ಸಂಖ್ಯೆ ಇನ್ನೂ ತಿಳಿದುಬಂದಿಲ್ಲ."

ಸಂಜೆಗೆ ತಾಯಿ, ಇಬ್ಬರು ಚಿಕ್ಕಮ್ಮಂದಿರು ಎದೆ ಬಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ಜೀವವೇ ಹಾರಿತು. ಸಿರುಗುಪ್ಪದಲ್ಲಿ ಯಾರೋ ಹೋದರು ಅಂದುಕೊಂಡು ಅವರಿಗಿಂತ ಜೋರಾಗಿ ನಾನೂ ಅತ್ತೆ. ಯಾರಿಗಾಗಿ ಯಾರು ಅಳುತ್ತಿದ್ದೇವೆ ಅಂತ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಅಳಿಯ ಗಟ್ಟಿಮುಟ್ಟಾಗಿದ್ದಾನೆ ಅಂತ ಗೊತ್ತಾದ ಮೇಲೆ ಸಣ್ಣ ಚಿಕ್ಕಮ್ಮ ಸೆರಗು ಕೊಡವಿದಳು.

"ಛಲೋ ಆತು ಬಿಡವ್ವಾ. ಆದ್ರ ಬಸ್ಸಿನಾಗ ಅತ್ತು ಅತ್ತು ಗಂಟಲು ಒಣಗೈತಿ, ಚಾ ಆದ್ರೂ ಇಡು."

೪

ಕೊನೆಯದು ಮಾತ್ರ ನಿಜವಾದ ಗಾಳಿ. ಆವತ್ತಿನ ಸುದ್ದಿ, ನನ್ನ ಮೊಬೈಲಿನಲ್ಲೇ ಬಂತು. ಹಡಗಿರುವ ಕಡೆಗೇ ಚಂಡಮಾರುತ ಹೊರಟಿತ್ತು. ಎರಡು ದಿನ ಗಂಡನ ಫೋನಿಲ್ಲ. ನನ್ನ ಬಾಯಿಗೆ ಹೆದರುವ ಬೀದಿಯವರು ನನ್ನ ಬಾಯಿ ಬಂದ್ ಆಗಿದ್ದು ನೋಡಿ ಇನ್ನೂ ಹೆದರಿದರು.

ಮೂರನೇ ದಿನ ಬೆಳಿಗ್ಗೆ ಮಾವ ಟೇಪ್‌ರೆಕಾರ್ಡರ್ ಹೊರಗಿಟ್ಟರು. ಟ್ರಂಕ್ ತೆರೆದು, ಹುಡುಕಿ, ಒಂದು ಕ್ಯಾಸೆಟ್ ಹಾಕಿದರು. ಜಮೈಕಾದ ಹಳೇ ಗಾಳಿಯ ಮೂರನೇ ದಿನದ ವಾರ್ತೆ. "ಚಂಡಮಾರುತ ದುರ್ಬಲಗೊಂಡಿದೆ. ಸಮುದ್ರದಲ್ಲಿ ಸಿಲುಕಿದ್ದ ಹಡಗುಗಳು..." ಅನ್ನುವಷ್ಟರಲ್ಲಿ ಟೇಪು ಮಷಿನ್ನಿಗೆ ಸುತ್ತಿಕೊಂಡು ನಿಂತಿತು.

"ಹಡಗು ಏನಾದವು ಮಾವಾ? ಹೇಳ್ರಿ!"

"ಮರತೀನಿ ಬೇ. ತಡಿ, ಪೆನ್ಸಿಲ್ ತಾ."

ಮಗಳ ಪೆನ್ಸಿಲ್ಲಿನಿಂದ ಇಬ್ಬರೂ ಸೇರಿ ಟೇಪನ್ನು ಮತ್ತೆ ಕ್ಯಾಸೆಟ್ಟಿನೊಳಗೆ ಸುತ್ತಿದೆವು. ಮತ್ತೆ ಹಾಕಿದೆವು. "...ಹಡಗುಗಳು ಸುರಕ್ಷಿತವಾಗಿ ದಡ ಸೇರಿವೆ." ಮತ್ತೊಮ್ಮೆ ಹಾಕಿ ಅಂದೆ. ಮಧ್ಯಾಹ್ನದ ತನಕ ಅದೊಂದು ಸಾಲನ್ನೇ ಕೇಳಿದೆವು.

ನಾಲ್ಕು ಗಂಟೆಗೆ ಗಂಡನ ಫೋನು ಬಂತು, ಸ್ಪೀಕರ್ ಹಾಕಿದೆ. "ಹಡಗನ್ನ ಬ್ಯಾರೆ ಕಡೆ ತಿರುಗಿಸಿದ್ರು, ನೆಟ್‌ವರ್ಕ್ ಇದ್ದಿಲ್ಲ. ಅಪ್ಪಾ, ಭಾಳ ಹೆದರಿದ್ರೇನು?"

ನಾನು ಅಳುತ್ತ ಫೋನನ್ನು ಮಾವನ ಕಡೆ ಹಿಡಿದೆ. ಮಾವ ಅಂದರು:

"ನಾವ್ಯಾಕ ಹೆದರೂಣು? ನಿನ್ನ ಹಡಗು ದಡ ಸೇರಿದ್ದು ನಮಗ ಮೂವತ್ತೈದು ವರ್ಷದ ಹಿಂದನ ಗೊತ್ತಾಗೈತಿ."